ಹೊಲಿಗೆಯ ಗುರುತಿಗೆ ರಾಜಿ ಇಲ್ಲ



ನಿಮ್ಮ ಸಂಘದ ಸಾಲದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪಾಮನಕಲ್ಲೂರಿನ ನಮ್ಮ ಸಂಘದ ಪುಸ್ತಕದಲ್ಲಿ ಬೀಜ ಗೊಬ್ಬರಕ್ಕೆ, ಎಮ್ಮೆಗೆ, ಮಗಳ ಮದುವೆಗೆ, ಮಗನ ಫೀಜಿಗೆ ಎಂದು ಬರೆದ ಸಾಲುಗಳ ನಡುವೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: 'ಆಪರೇಷನ್'. ಯಾವ ಆಪರೇಷನ್ ಎಂದು ಪುಸ್ತಕ ಹೇಳುವುದಿಲ್ಲ. ಸಾಲ ಕೊಡುವಾಗ ನಾವೂ ಕೇಳಿರಲಿಲ್ಲ. ಕಂತು ಸರಿಯಾಗಿ ಬರುತ್ತದೋ ಇಲ್ಲವೋ ಎಂದಷ್ಟೇ ಕೇಳಿದ್ದೆವು.

ನಮ್ಮ ಕಣ್ಣು ತೆರೆಸಿದವಳು ಮೂವತ್ತು ದಾಟದ ಒಬ್ಬ ಹೆಣ್ಣುಮಗಳು. ಅವಳು ನಮ್ಮ ಬಳಿ ಬಂದದ್ದು ಗಂಡನ ಏಟು ತಾಳಲಾರದೆ. "ಕೆಲಸಾ ಆಗವಲ್ದು ಅಂತ ಹೊಡಿತಾನ ಯಕ್ಕಾ. ಇನ್ನೊಂದು ಮದಿವಿ ಮಾಡ್ಕೋತೀನಿ ಅಂತಾನ" ಎಂದಳು. ನಾವು ಹಿರಿಯರನ್ನು ಕೂಡಿಸಿದೆವು. ಗಂಡನನ್ನು ಕರೆಸಿ ಬುದ್ಧಿ ಹೇಳಿದೆವು, ಇನ್ನು ಕೈ ಎತ್ತುವುದಿಲ್ಲ ಎಂದು ಬರೆಸಿಕೊಂಡೆವು. ಒಂದು ಕೇಸು ಮುಗಿಸಿದೆವು ಎಂಬ ಸಮಾಧಾನದಿಂದ ಮನೆಗೆ ಹೋದೆವು.

ಅವಳಿಗೆ ಕೆಲಸ ಏಕೆ ಆಗುತ್ತಿಲ್ಲ ಎಂದು ಆ ದಿನ ಯಾರೂ ಕೇಳಲಿಲ್ಲ. ಎರಡು ತಿಂಗಳ ಮೇಲೆ ತಿಳಿಯಿತು. ಬಿಳಿಸೆರಗು, ಸೊಂಟನೋವು ಎಂದು ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಹೋದವಳಿಗೆ ಸ್ಕ್ಯಾನಿಂಗ್ ಮಾಡಿ, "ಗರ್ಭಚೀಲದಾಗ ಗಡ್ಡಿ ಐತಿ, ಬಿಟ್ರ ಕ್ಯಾನ್ಸರ್ ಆಗತೈತಿ" ಎಂದು ಹೆದರಿಸಿ, ಮೂರನೆಯ ದಿನಕ್ಕೆ ಗರ್ಭಚೀಲ ತೆಗೆದು ಕಳಿಸಿದ್ದರು. ಒಂದು ಮಾತ್ರೆ ಕೊಟ್ಟು ನೋಡಿರಲಿಲ್ಲ. ಕಾಗದದ ಮೇಲೆ ಸಹಿ ಹಾಕಿದವನು ಗಂಡ. ಹೂಂ ಅಂದವಳು ಅತ್ತೆ. ಆಸ್ಪತ್ರೆಗೆ ಕೊಟ್ಟ ದುಡ್ಡು ನಮ್ಮ ಸಂಘದ್ದು! ವಾರ ವಾರ ಕೂಲಿಯಲ್ಲಿ ಉಳಿಸಿ ಪೇರಿಸಿದ ನಮ್ಮ ದುಡ್ಡಿನಿಂದಲೇ ನಮ್ಮ ತಂಗಿಯ ಹೊಟ್ಟೆ ಕೊಯ್ಯಲಾಗಿತ್ತು. ಏಟಿನ ಗುರುತು ನೋಡಿದ ನಮಗೆ ಹೊಲಿಗೆಯ ಗುರುತು ಕಾಣಲಿಲ್ಲ.

ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಕಾಗದ ಪತ್ರ ಕೊಡಿ ಎಂದೆವು. ಮೊದಲು ಗದರಿಸಿದರು. ಮರುದಿನ ಊರಿನ ದೊಡ್ಡವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದರು: ಒಂದಿಷ್ಟು ದುಡ್ಡು ತೆಗೆದುಕೊಳ್ಳಲಿ, ಇನ್ನು ತಕರಾರಿಲ್ಲ ಎಂದು ಬರೆದುಕೊಡಲಿ. ಅವಳು ತೆಗೆದುಕೊಂಡಳು. ಸಾಲದ ಕಂತು ಬಾಕಿ ಇತ್ತು, ಮಕ್ಕಳು ಎರಡು. ಅವಳನ್ನು ಬೈಯುವ ಅಧಿಕಾರ ನಮಗಿಲ್ಲ. ಕಂತು ಕೇಳುತ್ತಿದ್ದವರು ನಾವೇ. ಆದರೆ ಆ ಬೇಸಿಗೆ ಕಳೆಯುವುದರೊಳಗೆ ಪಕ್ಕದ ಊರಿನ ಇನ್ನೊಬ್ಬಳು ಅದೇ ಹೊಲಿಗೆ ಹಾಕಿಸಿಕೊಂಡು ಅದೇ ಆಸ್ಪತ್ರೆಯಿಂದ ಮನೆಗೆ ಬಂದಳು. ರಾಜಿಯ ದುಡ್ಡು ಒಬ್ಬಳ ಬಾಯಿ ಮುಚ್ಚಿಸಿತು, ಕತ್ತಿಯನ್ನು ಮಾತ್ರ ನಿಲ್ಲಿಸಲಿಲ್ಲ.

ಹೆಂಡತಿಗೆ ಹೊಡೆದವನ ಜೊತೆ ರಾಜಿ ಮಾಡಿಸಿ ಮಾಡಿಸಿ ನಮಗೆ ಅದೇ ರೂಢಿಯಾಗಿದೆ. ಸುಟ್ಟು ಸತ್ತ ಸೊಸೆಯ ತವರಿಗೂ ಇಷ್ಟು ದುಡ್ಡು, ಇಷ್ಟು ಬಂಗಾರ ವಾಪಸ್ ಎಂದು ರಾಜಿ ಮಾಡಿಸಿದ ಪಂಚಾಯ್ತಿಗಳನ್ನು ನಾವು ಕಂಡಿದ್ದೇವೆ, ಅವುಗಳ ವಿರುದ್ಧ ಇದೇ ಪತ್ರಿಕೆಯ ಓದುಗರು ಬೀದಿಗೆ ಇಳಿದಿದ್ದಾರೆ. ಹಾಗಿದ್ದರೆ ಬಿಳಿ ಕೋಟು ಹಾಕಿದವನ ಜೊತೆ ಮಾತ್ರ ರಾಜಿ ಏಕೆ?

ಇದು ಒಂದೂರಿನ ಕತೆಯೇ?

ನಮ್ಮ ಕಡೆಯ ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಹೊರಬಿದ್ದ ಸಂಗತಿ ನೆನಪಿರಲಿ. ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆಯಲಾಗಿತ್ತು. ಬಹುಪಾಲು ತಾಂಡಾದ ಲಂಬಾಣಿ ಹೆಂಗಸರು, ದಲಿತ ಕೇರಿಯ ಹೆಂಗಸರು. ನಲವತ್ತು ದಾಟದವರು ಅವರಲ್ಲಿ ಅನೇಕರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಎಂಬ ಭೂತ ತೋರಿಸಲಾಗಿತ್ತು. ಕರ್ನಾಟಕ ಜನಾರೋಗ್ಯ ಚಳವಳಿ ಮತ್ತು ಮಹಿಳಾ ಸಂಘಟನೆಗಳು ಬೆನ್ನು ಹತ್ತಿದ ಮೇಲೆ ವಿಚಾರಣೆ ನಡೆಯಿತು, ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಆದೇಶವೂ ಬಂತು. ಆದರೆ 2017ರ ಫೆಬ್ರವರಿಯಲ್ಲಿ ಸಾವಿರಾರು ಹೆಂಗಸರು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರಬೇಕಾಯಿತು. ಏಕೆ? ಪರವಾನಗಿ ರದ್ದಾದ ಆಸ್ಪತ್ರೆಗಳು ಬಾಗಿಲು ತೆರೆದುಕೊಂಡೇ ಇವೆ ಎಂಬುದು ಅವರ ದೂರು.

ಖಾಸಗಿಯವರು ದುಡ್ಡಿನಾಸೆಗೆ ಮಾಡುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಹೀಗಾಗದು ಎನ್ನುತ್ತೀರಾ? ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರ ನಡುವೆ ಒಂದೂವರೆ ಸಾವಿರದಷ್ಟು ಹೆಂಗಸರ ಗರ್ಭಕೋಶ ತೆಗೆಯಲಾಗಿತ್ತು ಎಂಬ ಆಪಾದನೆ ಇದೆ. ಅಲ್ಲಿಯೂ ಲಂಬಾಣಿ ಹೆಂಗಸರೇ ಹೆಚ್ಚು. ಪರಿಹಾರ ಕೇಳಿ 2022ರಲ್ಲಿ ಆ ಹೆಂಗಸರು ಶಿಗ್ಗಾಂವಿಯ ಕಡೆಗೆ, ಅಂದಿನ ಮುಖ್ಯಮಂತ್ರಿಯ ಮನೆಯ ಕಡೆಗೆ ನಡೆದುಕೊಂಡು ಹೊರಟರು. ಭಾರ ಎತ್ತಲಾಗದ, ನಡೆದರೆ ಸೊಂಟ ಹಿಡಿಯುವ ಹೆಂಗಸರು ತಮ್ಮ ನೋವನ್ನು ನಂಬಿಸಲು ಕಾಲ್ನಡಿಗೆಯಲ್ಲಿ ಹೋಗಬೇಕಾಯಿತು!

ಗರ್ಭಕೋಶ ತೆಗೆಯುವ ಆಪರೇಷನ್ನೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಕ್ಯಾನ್ಸರ್ ಆಗಿದ್ದರೆ, ಯಾವ ಔಷಧಿಗೂ ರಕ್ತ ನಿಲ್ಲದಿದ್ದರೆ, ಗರ್ಭಕೋಶ ಪೂರಾ ಜಾರಿದ್ದರೆ ಅದು ಜೀವ ಉಳಿಸುತ್ತದೆ. ಆದರೆ ಬಿಳಿಸೆರಗಿಗೆ ಮೊದಲ ಮದ್ದು ಮಾತ್ರೆ. ಸಣ್ಣ ಗಡ್ಡೆಗಳಿಗೆ ಎಷ್ಟೋ ಸಲ ಏನೂ ಮಾಡಬೇಕಾಗಿಲ್ಲ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಐವತ್ತರ ಹತ್ತಿರ ನಿಲ್ಲಬೇಕಾದ ಮುಟ್ಟು ಮೂವತ್ತಕ್ಕೇ ನಿಂತು, ಮೈಯೆಲ್ಲ ಉರಿ ಏಳುತ್ತದೆ, ಎಲುಬು ಸವೆಯುತ್ತದೆ, ಹೃದಯದ ಕಾಯಿಲೆಯ ಭಯ ಹೆಚ್ಚುತ್ತದೆ. ಹತ್ತಿ ಬಿಡಿಸುವ, ಸದೆ ಕೀಳುವ, ಹೊರೆ ಹೊರುವ ಹೆಂಗಸಿಗೆ ಮೈಯೇ ಬಂಡವಾಳ. ಅದನ್ನು ಕಿತ್ತುಕೊಂಡ ಮೇಲೆ ಗಂಡ "ದುಡಿಯೂದಿಲ್ಲ" ಎಂದು ಹೊಡೆಯುತ್ತಾನೆ. ಮನೆಯ ಏಟಿಗೂ ಆಸ್ಪತ್ರೆಯ ಕತ್ತಿಗೂ ಸಂಬಂಧ ಇಲ್ಲವೆಂದು ಯಾರು ಹೇಳುತ್ತಾರೆ?

ವೈದ್ಯನಿಗೆ ಯಾವುದರ ಭಯ?

ಪೊಲೀಸರ ಭಯ ಅಷ್ಟಾಗಿ ಇಲ್ಲ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಎಂಬ ದೂರು ಬಂದ ಕೂಡಲೇ ವೈದ್ಯರನ್ನು ಬಂಧಿಸಬಾರದು, ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದಿದೆ. ಗ್ರಾಹಕರ ನ್ಯಾಯಾಲಯಕ್ಕೆ ಹೋದರೆ ಪರಿಹಾರ ಸಿಗಬಹುದು. ಅದನ್ನು ಎರಡು ವರ್ಷದೊಳಗೆ ಮಾಡಬೇಕು. ಆದರೆ ಪರಿಹಾರ ಕೊಟ್ಟ ವೈದ್ಯ ಮರುದಿನ ಮತ್ತೆ ಕತ್ತಿ ಹಿಡಿಯಬಹುದು. ಆಸ್ಪತ್ರೆಯ ಪರವಾನಗಿ ಹೋದರೆ? ಆಸ್ಪತ್ರೆಯ ಪರವಾನಗಿ ಬೇರೆ, ವೈದ್ಯನ ನೋಂದಣಿ ಬೇರೆ. ಕಟ್ಟಡಕ್ಕೆ ಬೀಗ ಬಿದ್ದರೆ ಬೇರೆ ಬೀದಿಯಲ್ಲಿ ಬೇರೆ ಬೋರ್ಡು ಏಳುತ್ತದೆ.

ವೈದ್ಯ ಎನ್ನಿಸಿಕೊಂಡವನು ನಿಜವಾಗಿ ಕಳೆದುಕೊಳ್ಳಲು ಹೆದರುವುದು ಒಂದನ್ನೇ: ತನ್ನ ನೋಂದಣಿ ಸಂಖ್ಯೆ. ಆ ನಂಬರು ಕೊಡುವುದು ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತು, ಜನರ ಬಾಯಲ್ಲಿ ಮೆಡಿಕಲ್ ಕೌನ್ಸಿಲ್. ತಪ್ಪು ಮಾಡಿದ ವೈದ್ಯನಿಗೆ ಎಚ್ಚರಿಕೆ ಕೊಡುವ, ಇಷ್ಟು ತಿಂಗಳು ಇಷ್ಟು ವರ್ಷ ಎಂದು ಹೆಸರು ತೆಗೆದುಹಾಕುವ, ಇಲ್ಲವೆ ಕಾಯಂ ಆಗಿ ಪಟ್ಟಿಯಿಂದ ಹೊರಗಿಡುವ ಅಧಿಕಾರ ಅದಕ್ಕಿದೆ. ಹೆಸರು ಹೋದರೆ ಯಾವ ಬೀದಿಯಲ್ಲೂ ಬೋರ್ಡು ಹಾಕುವಂತಿಲ್ಲ. ನಂಬರು ಉಳಿಸಿಕೊಳ್ಳಲೆಂದೇ ಅವರು ರಾಜಿಗೆ ಬರುತ್ತಾರೆ. ರಾಜಿಯಲ್ಲಿ ನಾವು ಮಾರುತ್ತಿರುವುದು ಏನನ್ನು ಎಂದು ಈಗ ತಿಳಿಯಿತೇ?

ವೈದ್ಯರ ನಡತೆಗೆ ನಿಯಮಗಳಿವೆ. 2002ರಲ್ಲಿ ಬಂದವು. 2023ರ ಆಗಸ್ಟಿನಲ್ಲಿ ಹೊಸ ನಿಯಮ ಹೊರಡಿಸಿ ಮೂರೇ ವಾರದಲ್ಲಿ ತಡೆಹಿಡಿದರು, ಹಳೆಯದೇ ಮತ್ತೆ ಜಾರಿಗೆ ಬಂತು. ಆ ನಿಯಮದಲ್ಲಿ ನಮಗೆ ಬೇಕಾದ ನಾಲ್ಕು ಮಾತುಗಳಿವೆ. ವೈದ್ಯ ತನ್ನ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಕಾಣುವಂತೆ ಹಾಕಬೇಕು, ಚೀಟಿಯ ಮೇಲೆ, ದುಡ್ಡಿನ ರಸೀದಿಯ ಮೇಲೆ ಬರೆಯಬೇಕು. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ವೈದ್ಯನ ಮೇಲಿನ ದೂರನ್ನು ಪರಿಷತ್ತು ಆರು ತಿಂಗಳಲ್ಲಿ ತೀರ್ಮಾನಿಸಬೇಕು.

ಇನ್ನೊಂದು ಮಾತೂ ಅದರಲ್ಲಿದೆ. ಮಕ್ಕಳಾಗದಂತೆ ಮಾಡುವ ಆಪರೇಷನ್‌ಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕಂತೆ. ಹೆಂಡತಿಯ ಮೈಗೆ ಗಂಡನ ಒಪ್ಪಿಗೆ ಏಕೆ ಬೇಕು ಎಂದು ನಾವು ಜಗಳವಾಡಲೇಬೇಕು. ಆದರೆ ಆ ನಿಯಮ ಕೂಡ ಗಂಡನೊಬ್ಬನ ಸಹಿ ಸಾಕು ಎನ್ನುವುದಿಲ್ಲ! ದಿಲ್ಲಿಯಲ್ಲಿ ಪರೀಕ್ಷೆಗೆಂದು ಹೋದ ಒಬ್ಬ ಮಹಿಳೆಗೆ ಮತ್ತಿನ ಔಷಧಿ ಕೊಟ್ಟು ಮಲಗಿಸಿ, ಹೊರಗೆ ಕುಳಿತ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದರು. ಸಮೀರಾ ಕೊಹ್ಲಿ ಪ್ರಕರಣ ಎಂದೇ ಅದು ಹೆಸರಾಗಿದೆ. ವಯಸ್ಸಿಗೆ ಬಂದ ಹೆಣ್ಣಿನ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆತ್ತ ತಾಯಿಯದೇ ನಡೆಯದಿದ್ದರೆ ಅತ್ತೆಯದು ಹೇಗೆ ನಡೆದೀತು?

ತೀರ್ಪು ಕೊಡುವವರು ಯಾರು?

ಆದರೆ ಪರಿಷತ್ತಿನ ಬಾಗಿಲು ನಮಗೆ ಹತ್ತಿರವಿಲ್ಲ. ಪಾಮನಕಲ್ಲೂರಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ದಾರಿ. ಎರಡು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ ಹೋದರೆ ಎದುರಿಗೆ ಕುಳಿತವರು ಯಾರು? ವೈದ್ಯರೇ. ಹೆಚ್ಚಿನವರು ವೈದ್ಯರಿಂದಲೇ ಓಟು ಪಡೆದು ಆರಿಸಿ ಬಂದವರು. ಪಂಚಾಯ್ತಿ ಕಟ್ಟೆಯ ಮೇಲೆ ಕುಂತವರೆಲ್ಲ ಗಂಡನ ಕಡೆಯವರೇ ಆಗಿದ್ದರೆ ಹೆಣ್ಣಿಗೆ ಎಂಥ ನ್ಯಾಯ ಸಿಗುತ್ತದೆಂದು ನಿಮಗೆ ಹೇಳಬೇಕೇ?

ಪರಿಷತ್ತು ನಮ್ಮ ದೂರು ತಳ್ಳಿಹಾಕಿದರೆ ಮೇಲೆ ಹೋಗುವ ದಾರಿ ಏನು? 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 30ನೇ ಕಲಮು ಓದಿ ನೋಡಿ. ಮೇಲ್ಮನವಿಯ ಹಕ್ಕನ್ನು ಹೆಸರು ಹೇಳಿ ಕೊಟ್ಟಿರುವುದು ಶಿಕ್ಷೆಗೆ ಗುರಿಯಾದ ವೈದ್ಯನಿಗೆ. ಹೊಟ್ಟೆ ಕೊಯ್ಯಿಸಿಕೊಂಡವಳ ಹೆಸರು ಆ ಕಲಮಿನಲ್ಲಿಲ್ಲ. ಹಳೆಯ 2002ರ ನಿಯಮ 'ನೊಂದ ಯಾರೇ ಆಗಲಿ' ಎಂದಿತ್ತು. ಹೊಸ ಕಾಯ್ದೆ ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿತು.

ಕಾನೂನು ಕಟ್ಟುನಿಟ್ಟಾಗಿರಲು ಸಾಧ್ಯವೇ ಇಲ್ಲವೇ? ಇದೆ. ಹೆಣ್ಣು ಭ್ರೂಣ ಪತ್ತೆಯ ವಿರುದ್ಧದ 1994ರ ಕಾಯ್ದೆ ನೋಡಿ. ಕೋರ್ಟು ಆರೋಪ ಹೊರಿಸಿದ ಕೂಡಲೇ ವೈದ್ಯನ ಹೆಸರು ಪರಿಷತ್ತಿಗೆ ಹೋಗಬೇಕು, ಕೇಸು ಮುಗಿಯುವವರೆಗೆ ನೋಂದಣಿ ಅಮಾನತು ಮಾಡಬಹುದು. ಶಿಕ್ಷೆಯಾದರೆ ಮೊದಲ ಸಲಕ್ಕೆ ಐದು ವರ್ಷ, ಮತ್ತೆ ಮಾಡಿದರೆ ಕಾಯಂ ಆಗಿ ಹೆಸರು ಪಟ್ಟಿಯಿಂದ ಔಟ್. ಇದು ಅತಿಯಾಯಿತು, ಬರೀ ಫಾರಂ ತುಂಬುವ ತಪ್ಪಿಗೂ ನಮ್ಮನ್ನು ಹಿಡಿಯುತ್ತಾರೆ ಎಂದು ಹೆರಿಗೆ ತಜ್ಞರ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಮೇ ತಿಂಗಳಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಆ ಫಾರಮ್ಮೇ ಹೆಣ್ಣುಮಗುವಿನ ಜೀವ ಕಾಯುವ ದಾಖಲೆ ಎಂದಿತು. ಇಷ್ಟಾದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ವರದಕ್ಷಿಣೆಯ ಭಯಕ್ಕೆ ಗರ್ಭದಲ್ಲೇ ಮಗಳನ್ನು ಕೊಲ್ಲುವ ಸಮಾಜ, ಮಕ್ಕಳಾದ ಮೇಲೆ ಗರ್ಭಕೋಶವೇ ಬೇಡದ ವಸ್ತು ಎನ್ನುತ್ತದೆ. ಎರಡಕ್ಕೂ ಸ್ಕ್ಯಾನಿಂಗ್ ಯಂತ್ರ ಒಂದೇ! ಭ್ರೂಣ ಪತ್ತೆಗೆ ಶಿಕ್ಷೆ ಕಾನೂನಿನಲ್ಲೇ ಬರೆದಿದೆ. ಬೇಡದ ಆಪರೇಷನ್‌ಗೆ ಇಂಥ ಕಟ್ಟುನಿಟ್ಟು ಏಕಿಲ್ಲ?

ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಮಾರ್ಗಸೂಚಿ ಮಾಡಿದೆ. ಬಿಹಾರ, ಛತ್ತೀಸಗಡ, ರಾಜಸ್ಥಾನದ ಹೆಂಗಸರ ಪ್ರಕರಣದಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದಿತು. ಕಾಗದ ಇದೆ. ಕಾಗದವನ್ನು ಜೀವಂತ ಮಾಡುವವರು ಬೇಕು.

"ಒಬ್ಬ ಡಾಕ್ಟರ್ ಹೋದರೆ ನಮಗೆ ಯಾರು?"

ಈ ಮಾತನ್ನು ನಮ್ಮ ಸಂಘದಲ್ಲೇ ಒಬ್ಬ ಹಿರಿಯಕ್ಕ ಎತ್ತಿದಳು. "ಹಳ್ಳಿಗೆ ಡಾಕ್ಟರು ಬರೂದ ಕಷ್ಟ. ಇದ್ದವರನ್ನ ಓಡಿಸಿದ್ರ ನಡುರಾತ್ರಿ ಹೆರಿಗಿ ನೋವು ಬಂದ್ರ ಎಲ್ಲಿಗೆ ಹೋಗೂದು?" ನ್ಯಾಯವಾದ ಭಯ. ರಾಯಚೂರು ಜಿಲ್ಲೆಯಲ್ಲಿ ವೈದ್ಯರ ಕೊರತೆ ಇರುವುದು ಸುಳ್ಳಲ್ಲ. ಆದರೆ ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೋ, ಗಂಡನಿಲ್ಲದೆ ಹೇಗಿರುತ್ತೀ ಎಂದು ನಮಗೆ ಹೇಳುತ್ತಿದ್ದ ಮಾತೂ ಇದೇ ಅಲ್ಲವೇ? ಡಾಕ್ಟರ ಕೊರತೆಗೆ ಉತ್ತರ ಸರ್ಕಾರಿ ಆಸ್ಪತ್ರೆಯ ಖಾಲಿ ಹುದ್ದೆ ತುಂಬಿಸುವುದು. ಕೊರತೆ ಇದೆಯೆಂದು ನಮ್ಮ ಮೈ ಕೊಯ್ಯಲು ಬಿಡುವುದು ಉತ್ತರವಲ್ಲ.

ಬಡವರಿಗಾಗಿ ರಾತ್ರಿ ಹಗಲು ದುಡಿಯುವ ವೈದ್ಯರು, ನರ್ಸಕ್ಕಂದಿರು ನಮ್ಮ ಸುತ್ತ ಇದ್ದಾರೆ. ತಪ್ಪಿತಸ್ಥನ ಹೆಸರು ಪಟ್ಟಿಯಿಂದ ಹೋದರೆ ಅವರ ಮಾನ ಉಳಿಯುತ್ತದೆ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಅಂಕುಶ ಹಾಕುವ ಮಸೂದೆ ಬಂದಾಗ ರಾಜ್ಯದ ಖಾಸಗಿ ವೈದ್ಯರು ದಿನಗಟ್ಟಲೆ ಆಸ್ಪತ್ರೆ ಮುಚ್ಚಿ ಬೆಳಗಾವಿಯಲ್ಲಿ ಸೇರಿದರು. ಮಸೂದೆ ಮೆತ್ತಗಾಗಿ ಪಾಸಾಯಿತು. ಅವರಿಗೆ ಸಂಘವಿದೆ, ಸಂಘದ ಬಲವೇನೆಂದು ಅವರಿಗೆ ಗೊತ್ತು. ನಮಗೂ ಸಂಘವಿದೆ!

ನಾವು ಮಾಡಬೇಕಾದದ್ದು

ನಮ್ಮ ಸಂಘ ಈಗ ಒಂದು ತೀರ್ಮಾನ ಮಾಡಿದೆ. ಆಪರೇಷನ್‌ಗೆ ಸಾಲ ಕೇಳಿದವಳಿಗೆ ಇಲ್ಲ ಎನ್ನುವುದಿಲ್ಲ. ಆದರೆ ಜೀವಕ್ಕೆ ತುರ್ತು ಇಲ್ಲದಿದ್ದರೆ ಮೊದಲು ಅವಳ ಜೊತೆ ಇಬ್ಬರು ಹೋಗಿ ತಾಲೂಕು ಆಸ್ಪತ್ರೆಯಲ್ಲೋ ರಾಯಚೂರಿನ ರಿಮ್ಸ್‌ನಲ್ಲೋ ಇನ್ನೊಬ್ಬ ವೈದ್ಯರಿಗೆ ತೋರಿಸುತ್ತೇವೆ. ಸಾಲದ ಪುಸ್ತಕದಲ್ಲಿ 'ಆಪರೇಷನ್' ಎಂದಷ್ಟೇ ಬರೆಯುವುದಿಲ್ಲ. ಯಾವ ಆಪರೇಷನ್, ಯಾವ ಆಸ್ಪತ್ರೆ, ವೈದ್ಯರ ನೋಂದಣಿ ಸಂಖ್ಯೆ ಏನು ಎಂದು ಬರೆಯುತ್ತೇವೆ. ನಾಳೆ ನಮ್ಮ ಆ ಪುಸ್ತಕವೇ ಸಾಕ್ಷಿ.

ಆಗಿಹೋದವರು ಏನು ಮಾಡಬೇಕು? ಚೀಟಿ, ಸ್ಕ್ಯಾನಿಂಗ್ ವರದಿ, ರಸೀದಿ ಒಂದನ್ನೂ ಬಿಸಾಡಬೇಡಿ. ಆಸ್ಪತ್ರೆಗೆ ಬರೆದುಕೊಟ್ಟು ದಾಖಲೆ ಕೇಳಿ, ಕೊಟ್ಟ ಅರ್ಜಿಯ ನಕಲಿನ ಮೇಲೆ ಮುಟ್ಟಿದ ಸಹಿ ಹಾಕಿಸಿ. ಯಾವ ದಿನ ಹೋದಿರಿ, ಏನು ಹೇಳಿದರು, ಏನು ಮಾಡಿದರು, ಯಾರು ಸಹಿ ಹಾಕಿದರು ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಒಂದು ಪ್ರತಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ರಿಜಿಸ್ಟ್ರಾರರಿಗೆ, ಒಂದು ಪ್ರತಿ ಜಿಲ್ಲಾಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಖಾಸಗಿ ಆಸ್ಪತ್ರೆಗಳ ಮೇಲಿನ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆಯುರ್ವೇದ, ಹೋಮಿಯೋಪತಿಯವರಿಗೆ, ನರ್ಸುಗಳಿಗೆ ಬೇರೆ ಬೇರೆ ಮಂಡಳಿಗಳಿವೆ. ನಂಬರೇ ಇಲ್ಲದೆ ಸೂಜಿ ಚುಚ್ಚುವ ಊರ ಡಾಕ್ಟರ ಮೇಲಿನ ದೂರು ನೇರ ಜಿಲ್ಲಾಧಿಕಾರಿಗೇ ಹೋಗಬೇಕು.

ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇವು:

1. ವೈದ್ಯಕೀಯ ಪರಿಷತ್ತು ಕಲ್ಯಾಣ ಕರ್ನಾಟಕದ ದೂರುಗಳನ್ನು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕುಳಿತು ಕೇಳಬೇಕು.

2. ವಿಚಾರಣೆಯಲ್ಲಿ ವೈದ್ಯರಲ್ಲದವರು, ಮಹಿಳಾ ಸಂಘಟನೆಯವರು ಇರಬೇಕು.

3. ಶಿಕ್ಷೆಯಾದ ವೈದ್ಯರ ಹೆಸರನ್ನು ಕನ್ನಡದಲ್ಲಿ, ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಹಾಕಬೇಕು.

4. ನೊಂದವಳಿಗೂ ಮೇಲ್ಮನವಿಯ ಹಕ್ಕನ್ನು ಕಾಯ್ದೆಯಲ್ಲಿ ಬರೆಯಬೇಕು.

5. ನಲವತ್ತರೊಳಗಿನ ಹೆಂಗಸಿನ ಗರ್ಭಕೋಶ ತೆಗೆದ ಪ್ರತಿ ಆಸ್ಪತ್ರೆಯೂ ಕಾರಣವನ್ನು ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಬೇಕು.

ಮೊದಲ ದೂರಿನ ಅರ್ಜಿ ನಮ್ಮಲ್ಲಿ ತಯಾರಾಗಿದೆ. ಬರೆಸಿದವಳು ಪಕ್ಕದ ಊರಿನ ಆ ಎರಡನೆಯ ಹೆಣ್ಣುಮಗಳು. ಅವಳ ಮನೆಗೂ ರಾಜಿಯ ಮಾತು ಬಂದುಹೋಗಿದೆ. ಅವಳ ಸಾಲದ ಕಂತನ್ನು ಈ ಸುಗ್ಗಿಯವರೆಗೆ ಕೇಳುವುದಿಲ್ಲ ಎಂದು ಅವಳ ಸಂಘ ಠರಾವು ಮಾಡಿದೆ. ಅಷ್ಟು ಮಾಡಿದ ಮೇಲೆಯೇ ಅವಳು ಹೆಬ್ಬೆಟ್ಟು ಒತ್ತಿದ್ದು. ಮೊದಲನೆಯವಳಿಗೆ ನಾವು ಮಾಡದೆ ಹೋದದ್ದು ಇಷ್ಟೇ.

ನಿಮ್ಮ ಸಂಘದ ಸಾಲದ ಪುಸ್ತಕ ತೆಗೆಯಿರಿ. 'ಆಪರೇಷನ್' ಎಂದಿರುವ ಪ್ರತಿ ಹೆಸರಿನ ಮನೆಗೆ ಹೋಗಿ ಕುಳಿತುಕೊಳ್ಳಿ. ಕಂತಿನ ಮಾತು ಆಮೇಲೆ. ಮೊದಲು ಕೇಳಿ: "ಯಾಕ ಕೊಯ್ದರು ತಂಗಿ? ನಿನ್ನ ಕೇಳಿದ್ದರೇನು?"